ಚಕ್ರದ ಮೇಲಿನ ಮನೆಗೆ ಯಾವ ಸೂರು?

ಹಳೆಯ ವ್ಯಾನು ಕೊಂಡು ಅದನ್ನು ಕ್ಯಾಂಪರ್ ಮಾಡಿಕೊಳ್ಳುವ ಹುಮ್ಮಸ್ಸು ಇಲ್ಲಿ ಬ್ರಿಟನ್ನಿನಲ್ಲಿರುವ ನಮ್ಮ ಕುಟುಂಬಗಳಿಗೂ ಹತ್ತಿದೆ. “ಸೂರು ಎಂಥದ್ದು ಹಾಕಿಸೋಣ?” ಎಂಬುದು ಈ ಸಲದ ಪ್ರಶ್ನೆ. ಹಾಸಿಗೆ, ಒಲೆ ಸರಿಬೀಳದಿದ್ದರೆ ಬದಲಾಯಿಸಬಹುದು. ಕತ್ತರಿಸಿದ ಸೂರನ್ನು ಮೊದಲಿನಂತೆ ಮಾಡುವುದು ಸುಲಭವಲ್ಲ. ಆದ್ದರಿಂದ ಮೊದಲೇ ಯೋಚಿಸುವುದು ಮೇಲು. ದಾರಿಗಳು ಮೂರು.

1. ಇದ್ದ ಸೂರನ್ನೇ ಉಳಿಸಿಕೊಳ್ಳುವುದು. ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರಿನಂಥ ವ್ಯಾನಿನ ಎತ್ತರ ಸುಮಾರು 2 ಮೀಟರ್. ಖರ್ಚಿಲ್ಲ, ಸೋರುವ ಭಯ ಕಡಿಮೆ. ಆದರೆ ಒಳಗೆ ಬೆನ್ನು ಬಗ್ಗಿಸಿಯೇ ಓಡಾಡಬೇಕು. ಊರಿನಿಂದ ಬಂದ ಅಜ್ಜಿಗೆ ನಿಂತು ಸೀರೆ ಉಡುವ ಮಾತೇ ಇಲ್ಲ.

2. ಮೇಲೇಳುವ ಸೂರು, ಅಂದರೆ ಪಾಪ್-ಟಾಪ್. ಇದು ಹೊಸದೇನಲ್ಲ, ಕೆಂಟ್ ಸೀಮೆಯ ಫೋಕ್‌ಸ್ಟನ್‌ನಲ್ಲಿ ಮಾರ್ಟಿನ್ ವಾಲ್ಟರ್ ಕಂಪನಿ 1950ರ ದಶಕದಲ್ಲೇ ಡಾರ್ಮೊಬೈಲ್ ವ್ಯಾನುಗಳಿಗೆ ಇಂಥದ್ದನ್ನು ಕೂಡಿಸುತ್ತಿತ್ತು. ಮುಚ್ಚಿದಾಗ ಎತ್ತರ ಹೆಚ್ಚು ಬೆಳೆಯುವುದಿಲ್ಲ, ತೆರೆದಾಗ ಮಕ್ಕಳಿಗೆ ಅಟ್ಟದ ಹಾಸಿಗೆ. ಆದರೆ ಗೋಡೆ ಬರೀ ಬಟ್ಟೆ: ಚಳಿ ಒಳಗೆ ಬರುತ್ತದೆ, ಒಗ್ಗರಣೆಯ ವಾಸನೆ ಅದರಲ್ಲೇ ನಿಲ್ಲುತ್ತದೆ. ಒದ್ದೆ ಬಟ್ಟೆಯನ್ನು ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತದೆ. ಮನೆಗೆ ಬಂದೊಡನೆ ತೆರೆದು ಒಣಗಿಸಿ. ಜೋರುಗಾಳಿಗೆ ಇಳಿಸಿಬಿಡಿ.

3. ಸ್ಥಿರವಾದ ಎತ್ತರದ ಸೂರು, ಅಂದರೆ ಹೈ-ಟಾಪ್. ನೆಟ್ಟಗೆ ನಿಲ್ಲಬಹುದು, ಬೀರು ಕೂಡಿಸಬಹುದು, ಚಳಿಗಾಲಕ್ಕೂ ಬೆಚ್ಚಗೆ. ಆದರೆ ಅಡ್ಡಗಾಳಿಗೆ ವ್ಯಾನು ಓಲಾಡುತ್ತದೆ, ಇಂಧನ ಹೆಚ್ಚು ಕುಡಿಯುತ್ತದೆ. ಪೇಟೆಯ ಅನೇಕ ಕಾರ್ ಪಾರ್ಕುಗಳ ಅಡ್ಡಕಂಬಿ 2 ಮೀಟರಿನ ಆಸುಪಾಸಿನಲ್ಲಿರುವುದರಿಂದ ಒಳಗೆ ಪ್ರವೇಶವಿಲ್ಲ. ಕೆಲವು ಹಡಗುಗಳ ದರವೂ ಎತ್ತರದೊಡನೆ ಏರುತ್ತದೆ.

ವ್ಯಾನು ಇನ್ನೂ ಕೊಂಡಿಲ್ಲವಾದರೆ ನಾಲ್ಕನೆಯ ಉಪಾಯವುಂಟು: ಕಾರ್ಖಾನೆಯಿಂದಲೇ ಎತ್ತರವಾಗಿ ಬಂದ ಡುಕಾಟೊ, ಸ್ಪ್ರಿಂಟರ್, ಟ್ರಾನ್ಸಿಟ್‌ಗಳನ್ನು ನೋಡಿ. ಕತ್ತರಿಸುವ ಗೋಜೇ ಇಲ್ಲ.

ಕತ್ತರಿಸಲೇಬೇಕಾದರೆ ಎಚ್ಚರ. ಸೂರಿನ ಅಡ್ಡಪಟ್ಟಿಗಳು ವ್ಯಾನಿನ ಪಕ್ಕೆಲುಬುಗಳಿದ್ದಂತೆ. ಅವನ್ನು ತೆಗೆದ ಜಾಗಕ್ಕೆ ಬಲವಾದ ಉಕ್ಕಿನ ಚೌಕಟ್ಟು ಬೇಕು. ಅಗ್ಗಕ್ಕೆ ಮಾರುಹೋಗಿ ಮಕ್ಕಳ ಪ್ರಾಣವನ್ನು ಪಣಕ್ಕಿಡಬೇಡಿ. ವಿಮಾ ಕಂಪನಿಗೆ ಮೊದಲೇ ತಿಳಿಸಿ. ದಾಖಲೆಯಲ್ಲಿ ‘ಮೋಟಾರ್ ಕ್ಯಾರವಾನ್’ ಎಂದು ಬರೆಸಿಕೊಳ್ಳಲು ಡಿ.ವಿ.ಎಲ್.ಎ. ಗಮನಿಸುವ ಹೊರಲಕ್ಷಣಗಳಲ್ಲಿ ಹೈ-ಟಾಪ್ ಸೇರಿದೆ, ಪಾಪ್-ಟಾಪ್ ಸೇರಿಲ್ಲ. ಸೂರು ಯಾವುದೇ ಇರಲಿ, ಒಳಗೆ ಅಡಿಗೆ ಮಾಡುವವರು ಗಾಳಿಯಾಡಲು ಬಿಡಿ. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆ ಇಡಿ.

ಒಟ್ಟಿನಲ್ಲಿ: ದಿನವೂ ಕೆಲಸಕ್ಕೆ ಒಯ್ಯುವ ಒಂದೇ ಗಾಡಿಯಾಗಿ, ಮನೆಯಲ್ಲಿ ಚಿಕ್ಕಮಕ್ಕಳಿದ್ದರೆ ಪಾಪ್-ಟಾಪ್. ವಯಸ್ಸಾದವರು ಜೊತೆಗಿದ್ದರೆ ಹೈ-ಟಾಪ್. ಗಂಡಹೆಂಡಿರಿಬ್ಬರೇ ಬೇಸಿಗೆಯಲ್ಲಿ ಎರಡು ರಾತ್ರಿ ಹೋಗಿಬರುವವರಾದರೆ ಇದ್ದ ಸೂರೇ ಸಾಕು. ಉಳಿದ ಹಣದಲ್ಲಿ ಇನ್ನೂ ನಾಲ್ಕು ಊರು ನೋಡಿಬನ್ನಿ.