ಕಳ್ಳನಿಗೆ ಒನ್ಸ್ ಮೋರ್!

ಕಳ್ಳನಿಗೆ ‘ಒನ್ಸ್ ಮೋರ್’ ಕೂಗಿದವರನ್ನು ಕಂಡಿದ್ದೀರೇನ್ರೀ? ಹೊಸದುರ್ಗದ ನಮ್ಮ ತಾತ ಕೂಗಿದ್ದರು!

ತುಮಕೂರಿಗೆ ಹೋಗಿ ‘ಸದಾರಮೆ’ ನಾಟಕ ನೋಡಿದವರು, ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರವನ್ನು ಸಾಯೋವರೆಗೂ ಮರೆಯಲಿಲ್ಲ. ಮಳೆ ಕೈಕೊಟ್ಟ ವರ್ಷವೂ ಆ ಹಾಡು ಗುನುಗಿ ಅಜ್ಜಿಯನ್ನು ನಗಿಸೋರು. ಹಿನ್ನೆಲೆ ಗಾಯಕರಿಲ್ಲದ ರಂಗ ಸ್ವಾಮಿ ಅದು. ನಟನೇ ಹಾಡಬೇಕು, ನಟನೇ ನಗಿಸಬೇಕು. ರಾಜ್‌ಕುಮಾರ್, ನರಸಿಂಹರಾಜು ಪಳಗಿದ್ದೂ ಅದೇ ಕಂಪನಿಯಲ್ಲಿ.

1972ರ ಅಕ್ಟೋಬರಿನಲ್ಲಿ ವೀರಣ್ಣನವರು ತೀರಿಕೊಂಡರು. ಡಿಸೆಂಬರಿನಲ್ಲಿ ‘ನಾಗರಹಾವು’ ಬಂತು. ಚಿತ್ರದುರ್ಗದ ಟಾಕೀಸಿನಲ್ಲಿ ಜನ ವಿಷ್ಣುವರ್ಧನ್‌ಗೆ ಶಿಳ್ಳೆ ಹೊಡೀತಿದ್ದರೆ ತಾತ ಕೇಳಿದ್ದು ಒಂದೇ: “ಲೋ ಮಗ, ಇದ್ರಲ್ಲಿ ಕಳ್ಳ ಎಲ್ಲೋ?”

ಅವತ್ತು ನಕ್ಕೆ. ಇವತ್ತು ಆ ಹಾಡಿನ ಧಾಟಿ ನೆನಪಾಗದೆ ಅಳು ಬರುತ್ತೆ. ಮನೆಯಲ್ಲಿ ಇಂಥ ತಾತ ಇದ್ದರೆ ಈಗಲೇ ಹಾಡಿಸಿಕೊಳ್ಳಿ. ಸಾವಿಗೆ ‘ಒನ್ಸ್ ಮೋರ್’ ಇಲ್ಲ!