ಸಿಸೇರಿಯನ್ ನಂತರದ ನೋವು: ‘ತಡಕೋ’ ಅನ್ನೋ ಮುಂಚೆ ಗುಳಿಗೆಯ ಹೊತ್ತು ನೋಡಿ

ಶಿರಸಿ: ಆಪರೇಷನ್ ಮುಗಿದು ತಾಯಿ-ಮಗು ವಾರ್ಡಿಗೆ ಬಂದರೆ ಮನೆಯವರಿಗೆ ನಿರಾಳ. ಬಾಣಂತಿಗೆ ನಿಜವಾದ ನೋವು ಶುರುವಾಗೋದೇ ಆಮೇಲೆ. ಬೆನ್ನಿಗೆ ಕೊಟ್ಟ ಅರಿವಳಿಕೆ ಎರಡು-ಮೂರು ತಾಸಿನಲ್ಲಿ ಇಳಿಯುತ್ತೆ. ಕೆಮ್ಮಿದರೂ ಹೊಲಿಗೆ ಎಳೆಯುತ್ತೆ, ಮಗ್ಗುಲು ಬದಲಿಸೋಕೂ ಆಗಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 2015-16ರಲ್ಲಿ ಶೇ 23.6ರಷ್ಟಿದ್ದ ಸಿಸೇರಿಯನ್ ಹೆರಿಗೆ, 2019-21ರ ಸಮೀಕ್ಷೆ ಹೊತ್ತಿಗೆ ಶೇ 31.5ಕ್ಕೆ ಏರಿದೆ. ಹೆಚ್ಚಾಗಿದ್ದು ಸರಿಯೋ ತಪ್ಪೋ ಅನ್ನೋ ಚರ್ಚೆ ಬೇಕಾದಷ್ಟು ನಡೆದಿದೆ. ಆದ ಮೇಲಿನ ನೋವಿನ ಬಗ್ಗೆ ಮಾತ್ರ ಮಾತೇ ಕಡಿಮೆ.

ಸಾಮಾನ್ಯವಾಗಿ ಮೊದಲು ಬರೋದು ಪ್ಯಾರಾಸಿಟಮಾಲ್, ಅದರ ಜೊತೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೇನ್. ಎರಡೂ ಅಗ್ಗ, ತಾಲೂಕು ಊರಿನಲ್ಲೂ ಸಿಗುವಂಥವು. ಒಂದೊಂದೇ ಕೊಡೋದಕ್ಕಿಂತ ಎರಡನ್ನೂ ಸೇರಿಸಿ, ಗಡಿಯಾರ ನೋಡಿ ಹೊತ್ತು ಹೊತ್ತಿಗೆ ಕೊಟ್ಟರೆ ನೋವು ಚೆನ್ನಾಗಿ ತಗ್ಗುತ್ತೆ ಅನ್ನೋದು ಈಗ ಒಪ್ಪಿತ ಪದ್ಧತಿ. ನಮ್ಮಲ್ಲಿ ಆಗೋದು ಉಲ್ಟಾ. ನೋವು ತಡೆಯೋಕಾಗದೆ ಅತ್ತ ಮೇಲೆ ಯಾರೋ ಓಡಿ ಸಿಸ್ಟರ್‌ನ ಕರೆಯೋದು. ಏರಿದ ನೋವು ಇಳಿಸೋಕೆ ಹೆಚ್ಚು ಔಷಧ ಬೇಕು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದವರು ಡೈಕ್ಲೋಫೆನಾಕ್ ಕೊಡೋ ಮುಂಚೆಯೇ ವೈದ್ಯರಿಗೆ ಹೇಳಬೇಕು.

ದೊಡ್ಡ ಆಸ್ಪತ್ರೆಗಳಲ್ಲಿ ಬೆನ್ನಿನ ಇಂಜೆಕ್ಷನ್ನಿಗೇ ಚೂರು ಮಾರ್ಫಿನ್ ಸೇರಿಸ್ತಾರೆ. ಒಂದು ದಿನದ ಹತ್ತಿರ ನೋವು ಹಿಡಿದಿಡುತ್ತೆ. ಮೈ ತುರಿಕೆ, ವಾಕರಿಕೆ ಬರಬಹುದು. ರಾತ್ರಿಯೆಲ್ಲ ಉಸಿರಾಟ ಗಮನಿಸೋಕೆ ಸಿಬ್ಬಂದಿಯೂ ಬೇಕು. ಅದಿಲ್ಲದ ಕಡೆ ಹೊಲಿಗೆ ಹಾಕುವಾಗಲೇ ಗಾಯದ ಸುತ್ತ ಮರಗಟ್ಟಿಸೋ ಔಷಧ ಕೊಡೋದು ಇನ್ನೊಂದು ದಾರಿ. ಆಪರೇಷನ್‌ಗೆ ಮುಂಚೆ ‘ನೋವಿಗೆ ಏನು ಕೊಡ್ತೀರಿ?’ ಅಂತ ಅರಿವಳಿಕೆ ವೈದ್ಯರನ್ನ ಕೇಳೋದರಲ್ಲಿ ತಪ್ಪೇನಿಲ್ಲ.

ಟ್ರಮಡಾಲ್ ವಿಷಯದಲ್ಲಿ ಮಾತ್ರ ಹುಷಾರು. ಹಾಲುಣಿಸೋ ತಾಯಂದಿರಿಗೆ ಇದು ಬೇಡ ಅಂತ ಅಮೆರಿಕದ ಔಷಧ ಇಲಾಖೆ 2017ರಲ್ಲೇ ಎಚ್ಚರಿಸಿದೆ; ಮಗುವಿಗೆ ಮಂಪರು, ಉಸಿರಾಟದ ತೊಂದರೆ ಆಗೋ ಭಯ. ನಮ್ಮಲ್ಲೂ 2018ರಿಂದ ಅದು ಮಾದಕ ವಸ್ತು ಕಾಯ್ದೆಯಡಿ ಬಂದಿದೆ. ‘ಸ್ವಲ್ಪ ಸ್ಟ್ರಾಂಗ್ ಇರೋದು ಕೊಡಿ’ ಅಂತ ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೇಳೋದೂ ಬೇಡ, ಅಂಗಡಿಯವರು ಕೊಡೋದೂ ಬೇಡ. ಇನ್ನೊಂದು, ಹಲವು ನೋವಿನ ಗುಳಿಗೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತೆ. ಅದರ ಮೇಲೆ ಜ್ವರಕ್ಕೆ ಅಂತ ಬೇರೆ ಪ್ಯಾರಾಸಿಟಮಾಲ್ ತಗೊಂಡರೆ ಡೋಸ್ ಡಬಲ್.

‘ಗುಳಿಗೆ ತಗೊಂಡರೆ ಹಾಲಿನಲ್ಲಿ ಹೋಗಿ ಮಗುವಿಗೆ ಆಗಲ್ಲ’ ಅನ್ನೋ ಮಾತು ಹಳ್ಳಿ, ಪೇಟೆ ಎರಡೂ ಕಡೆ ಇದೆ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಹಾಲಿಗೆ ಹೋಗೋದು ತೀರಾ ಅಲ್ಪ. ಹೆದರಿ ಗುಳಿಗೆ ಬಿಟ್ಟವಳಿಗೆ ಎದ್ದು ಕೂತು ಹಾಲು ಕೊಡೋಕೇ ಆಗಲ್ಲ. ಓಡಾಡದೆ ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಬೇರೆ.

ಅಜ್ಜಿಯಂದಿರ ಒಂದು ಪದ್ಧತಿಗೆ ಮಾತ್ರ ಈಗ ವೈದ್ಯರ ಬೆಂಬಲವೂ ಸಿಕ್ಕಿದೆ. ಹೊಟ್ಟೆಗೆ ಬಟ್ಟೆ ಕಟ್ಟೋದು! ಸಿಸೇರಿಯನ್ ನೋವಿನ ಬಗ್ಗೆ 2021ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಹೊಟ್ಟೆ ಬೆಲ್ಟ್ ಕೂಡ ಸೇರಿದೆ. ಬಿಗಿಯಾಗಿ ಉಸಿರುಗಟ್ಟೋ ಹಾಗೆ ಕಟ್ಟಬಾರದು ಅಷ್ಟೆ.

ಖರ್ಚಿನ ಮಾತು: 2011ರಿಂದ ಇರೋ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧ ಎಲ್ಲಾ ಉಚಿತ, ಏಳು ದಿನದವರೆಗೆ ಊಟವೂ ಸಹ. ಶಿರಸಿ, ಸಿದ್ದಾಪುರ, ಯಲ್ಲಾಪುರ ಯಾವುದೇ ಇರಲಿ, ನೋವಿನ ಔಷಧಕ್ಕೆ ಹೊರಗಿನ ಚೀಟಿ ಕೊಟ್ಟರೆ ಯಾಕೆ ಅಂತ ಕೇಳಬಹುದು.

ಮನೆಗೆ ಹೋದ ಮೇಲೆ ನೋವು ದಿನದಿನಕ್ಕೆ ಇಳಿಯಬೇಕು. ಏರ್ತಾ ಹೋದರೆ, ಜ್ವರ ಬಂದರೆ, ಹೊಲಿಗೆಯಿಂದ ಕೀವು ಸೋರಿದರೆ, ರಕ್ತಸ್ರಾವ ಹೆಚ್ಚಾದರೆ, ಒಂದೇ ಕಾಲು ಊದಿಕೊಂಡರೆ ಅಥವಾ ಎದ್ದು ಕೂತಾಗ ತಲೆ ಸಿಡಿದರೆ ಗುಳಿಗೆ ನುಂಗಿ ಕಾಯೋ ಹಾಗಿಲ್ಲ. ಯಲ್ಲಾಪುರದಿಂದ ಹುಬ್ಬಳ್ಳಿಗೇ ಸುಮಾರು 70 ಕಿ.ಮೀ. ಒಳಗಿನ ಹಳ್ಳಿಯವರಿಗೆ ಇನ್ನೂ ದೂರ. ಕತ್ತಲಾಗೋ ಮುಂಚೆಯೇ 108ಕ್ಕೆ ಫೋನ್ ಮಾಡಬೇಕು.