ಜೇನಿಗೆ ಹಚ್ಚುವ ಬೆಂಕಿ

ಕಮ್ಮರಡಿಗೆ ಅನತಿದೂರದ ಒಂದು ಹಳ್ಳಿಯಲ್ಲಿ ಕಳೆದ ಮಾಘಮಾಸದಲ್ಲಿ ಸೇರಿದ ಒಂದು ಸಣ್ಣ ಸಭೆಗೆ ನಾನೂ ಹೋಗಿದ್ದೆನು. ದಾರಿಯ ಬದಿಯ ಹೆಮ್ಮರವೊಂದರಲ್ಲಿ ಹನ್ನೊಂದು ಹೆಜ್ಜೇನುಗೂಡುಗಳು ಕಟ್ಟಿದ್ದುವು. ಅವನ್ನು ರಾತ್ರಿ ಪಂಜು ಹಿಡಿದು ಸುಟ್ಟುಬಿಡಬೇಕೇ ಬೇಡವೇ ಎಂಬುದೇ ಸಭೆಯ ವಿಷಯ. ಅರ್ಧ ಗಳಿಗೆಯಲ್ಲಿ ತೀರ್ಮಾನವಾಯಿತು. ಮರುದಿನ ಬೆಳಿಗ್ಗೆ ಮರದ ಬುಡದಲ್ಲಿ ಬಿದ್ದಿದ್ದ ಹುಳುಗಳನ್ನು ಗುಡಿಸಿ ಬುಟ್ಟಿಯಲ್ಲಿ ಹೊತ್ತುಹಾಕಿದರು. ಬೇಡವೆಂದವನು ನಾನೊಬ್ಬನೇ, ನನ್ನ ಮಾತು ನಡೆಯಲಿಲ್ಲ. ಅಲ್ಲಿ ಹೇಳಲು ಅವಕಾಶವಾಗದೆ ಉಳಿದುದನ್ನು ಈ ಪತ್ರಿಕೆಯ ವಾಚಕರ ಮುಂದಿಡಲು ಇಂದು ಉದ್ಯುಕ್ತನಾಗಿದ್ದೇನೆ.

ಮೊದಲು ನನ್ನ ಅಪರಾಧವನ್ನು ಹೇಳಿಕೊಳ್ಳತಕ್ಕದ್ದು ನ್ಯಾಯ. ನಾನು ಉಪಾಧ್ಯಾಯನಾಗಿದ್ದ ಶಾಲೆಯೊಂದರ ಸೂರಿನಲ್ಲಿ ಹೆಜ್ಜೇನು ಕಟ್ಟಿತ್ತು. ಹುಡುಗರು ಕಲ್ಲೆಸೆದರು, ಹುಳುಗಳು ಎದ್ದುವು, ಇಬ್ಬರು ಮಕ್ಕಳಿಗೆ ಕಚ್ಚಿದುವು. ಕಲ್ಲೆಸೆದವರನ್ನು ಬಿಟ್ಟು ಗೂಡಿಗೆ ಬೆಂಕಿಯಿಡಿಸಿದವನು ನಾನೇ. ಮಾರನೆಯ ದಿನ ಛಂದಸ್ಸಿನ ಪಾಠದಲ್ಲಿ ಹುಡುಗನೊಬ್ಬನು ಎದ್ದು ನಿಂತು, “ಷಟ್ಪದಿಯೆಂದರೆ ಆರು ಕಾಲಿನ ದುಂಬಿ ಎಂದೂ ಅರ್ಥವುಂಟೆಂದು ನಿನ್ನೆ ಹೇಳಿದಿರಿ. ಅಂಗಳದಲ್ಲಿ ಸತ್ತು ಬಿದ್ದಿರುವುದು ಅದೇ ಹುಳುವೇ?” ಎಂದು ಕೇಳಿದನು. ಅಹುದೆಂದು ಹೇಳಿ ಪಾಠವನ್ನು ಮುಂದುವರಿಸಿದೆನು. ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಇಂದಿನವರೆಗೂ ಕೊಟ್ಟಿಲ್ಲವೆಂದೇ ನನಗೆ ತೋರುತ್ತದೆ.

ನಮ್ಮ ಕವಿಗಳಿಗೆ ತುಂಬಿಯಿಲ್ಲದೆ ವಸಂತವೇ ಇಲ್ಲ. ಬನವಾಸಿಯ ಉದ್ಯಾನದಲ್ಲಿ ದುಂಬಿಯಾಗಿಯಾದರೂ ಜನ್ಮವೆತ್ತಬೇಕೆಂದು ಆದಿಕವಿ ಪಂಪನು ಹಂಬಲಿಸಿದನು. ದೇವರ ಅಭಿಷೇಕಕ್ಕೆ ಪಂಚಾಮೃತದಲ್ಲಿ ಜೇನು ಬೇಕು. ಅಳಿಯನ ಸತ್ಕಾರಕ್ಕೆ ಮಧುಪರ್ಕದಲ್ಲಿ ಬೇಕು. ಸುಶ್ರುತನು ಎಣಿಸಿದ ಎಂಟು ಬಗೆಯ ಮಧುಗಳ ಹೆಸರು ನಮ್ಮ ವೈದ್ಯರ ನಾಲಿಗೆಯ ಮೇಲಿದೆ. ಹೀಗೆ ಸಭೆಯಲ್ಲಿ ಸ್ತೋತ್ರ ಮಾಡುವ ಬಾಯಿಯೇ ರಾತ್ರಿ ಪಂಜಿಗೆ ಎಣ್ಣೆ ಸುರಿಯಲು ಹೇಳುವುದಾದರೆ, ಆ ಸ್ತೋತ್ರದ ಬೆಲೆಯೇನು?

ಪಾಠಶಾಲೆಯಲ್ಲಿ ನಾವು ಕಲಿತ ಕ್ರಮವೆಂದರೆ, ಪೂರ್ವಪಕ್ಷವನ್ನು ಮೊದಲು ಗೌರವದಿಂದ ಹೇಳಿ ಅನಂತರ ಉತ್ತರವನ್ನು ಹೇಳುವುದು. ಆ ಸಭೆಯಲ್ಲಿ ನಾಲ್ಕು ವಾದಗಳು ಬಂದುವು.

ಮೊದಲನೆಯದು: “ಹೆಜ್ಜೇನು ಪ್ರಾಣಾಪಾಯಕರ. ಮಕ್ಕಳು ಮರಿಗಳು ತಿರುಗುವ ದಾರಿಯಲ್ಲಿ ಇರಗೊಡಿಸಬಾರದು.” ಅಪಾಯವಿಲ್ಲವೆಂದು ನಾನು ಹೇಳುವುದಿಲ್ಲ. ಹಲವು ಹುಳುಗಳು ಒಟ್ಟಿಗೆ ಕಚ್ಚಿದರೆ ಮನುಷ್ಯನು ಸಾಯುವುದುಂಟು. ಕೆಲವರ ಮೈಗೆ ಒಂದು ಹುಳುವಿನ ವಿಷವೂ ಒಗ್ಗದೆ ಉಸಿರು ಕಟ್ಟುವುದುಂಟು. ಅಂಥವರನ್ನು ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು. ಆದರೆ ಜೇನು ಕಚ್ಚುವುದು ಹಸಿವಿಗಲ್ಲ, ಗೂಡಿನ ರಕ್ಷಣೆಗೆ. ಕಚ್ಚಿದ ಹುಳುವಿನ ಕೊಂಡಿ ನಮ್ಮ ಚರ್ಮದಲ್ಲಿಯೇ ಕಿತ್ತುಕೊಂಡು ಉಳಿದು, ಹುಳು ಸತ್ತುಹೋಗುತ್ತದೆ. ಆ ಕೊಂಡಿಯಿಂದ ಹೊರಡುವ ವಾಸನೆಯು ಉಳಿದ ಹುಳುಗಳನ್ನು ಅಲ್ಲಿಗೇ ಕರೆಯುತ್ತದೆ. ಕಲ್ಲು, ಹೊಗೆ, ಗೂಡಿಗೆರಗುವ ಗಿಡುಗ, ಇವೇ ಹೆಚ್ಚಾಗಿ ಅವನ್ನು ಕೆರಳಿಸತಕ್ಕವು. ಮತ್ತು ಹೆಜ್ಜೇನು ನಮ್ಮಲ್ಲಿ ವರ್ಷವಿಡೀ ಇರುವುದೂ ಅಲ್ಲ. ಮಳೆಗಾಲ ಕಳೆದ ಮೇಲೆ ಬಂದು, ಮುಂಗಾರು ಕಾಲಿಡುವ ಮುನ್ನ ಹೊರಟುಹೋಗುತ್ತದೆ. ಈ ಕೆಲವು ತಿಂಗಳು ಮರದ ಬುಡಕ್ಕೊಂದು ಬೇಲಿ, ಮಕ್ಕಳಿಗೊಂದು ಬುದ್ಧಿಮಾತು, ನಡೆದಾಡುವವರಿಗೆ ಬೇರೊಂದು ಕಾಲುದಾರಿ ಇಷ್ಟಿದ್ದರೆ ಬಹುಮಟ್ಟಿಗೆ ಸಾಕು. ಅಷ್ಟರಿಂದಲೂ ಆಗದ ಕಡೆ, ಬಲ್ಲವರನ್ನು ಕರೆಯಿಸಿ ಸಂಜೆಯಲ್ಲಿ ಹದವಾದ ಹೊಗೆಯಿಂದ ಎಬ್ಬಿಸಿ ಕಳುಹಿಸಬಹುದು. ಹಾವು ಬಂದರೆ ಹಿಡಿಯುವವರನ್ನು ಕರೆಯುವ ವಿವೇಕವು ಈಗ ನಮಗೆ ಬಂದಿದೆ. ಜೇನಿನ ವಿಷಯದಲ್ಲಿ ಮಾತ್ರ ಏಕೆ ಬಾರದು?

ಎರಡನೆಯ ವಾದವು ಮೊದಲಿನದಕ್ಕಿಂತ ಚತುರವಾದುದು: “ನಮ್ಮದು ಅಡಕೆ, ಭತ್ತ, ಮೆಣಸಿನ ಸೀಮೆ. ಇವಕ್ಕೆ ಜೇನಿನ ಹಂಗಿಲ್ಲ.” ಇದರಲ್ಲಿ ಅರ್ಧ ಸತ್ಯವಿದೆ, ಅರ್ಧ ಸತ್ಯವೇ ಹೆಚ್ಚು ಮೋಸಮಾಡುವುದು. ಭತ್ತವು ತನ್ನ ಪರಾಗದಿಂದಲೇ ಕಟ್ಟುತ್ತದೆ. ಅಡಕೆಯ ಹೊಂಬಾಳೆಯಲ್ಲಿ ಗಂಡು ಹೂಗಳು ಮೊದಲು ಅರಳಿ ಉದುರಿ, ಹೆಣ್ಣು ಹೂಗಳು ಆಮೇಲೆ ಅರಳುವುದರಿಂದ ಪರಾಗವು ಬೇರೆ ಮರದಿಂದ ಬರಬೇಕು. ಅದನ್ನು ತರತಕ್ಕದ್ದು ಮುಖ್ಯವಾಗಿ ಗಾಳಿ. ಮೆಣಸಿಗೆ ಮಳೆಹನಿಯ ಸಹಾಯವುಂಟು. ಇವೆಲ್ಲವನ್ನೂ ಒಪ್ಪಿದೆನು. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಲ್ಲಿ ಏಲಕ್ಕಿ ಇಲ್ಲವೇ? ಏಲಕ್ಕಿಯ ಹೂವು ಮುಂಜಾನೆ ಅರಳಿ ಒಂದೇ ದಿನದಲ್ಲಿ ಬಾಡುತ್ತದೆ. ಅದರ ಶಲಾಕಾಗ್ರವು ಪರಾಗಕೋಶಕ್ಕಿಂತ ಮೇಲೆ ಚಾಚಿರುವುದರಿಂದ, ಪರಾಗವು ತಾನಾಗಿ ಅಲ್ಲಿಗೆ ಮುಟ್ಟಲಾರದು. ಅಂಟಾದುದರಿಂದ ಗಾಳಿಗೂ ಹಾರದು. ಜೇನು ಬಂದರೆ ಕಾಯಿ. ಬಾರದಿದ್ದರೆ ಹೂವು ಉದುರುತ್ತದೆ. ಕಾಫಿಯಲ್ಲಿ ಅರೇಬಿಕಾ ತನ್ನ ಪರಾಗದಿಂದ ಕಟ್ಟಬಲ್ಲುದು, ರೊಬಸ್ಟಾ ಕಟ್ಟಲಾರದು. ಹೂಮಳೆ ಬಿದ್ದ ಮೇಲೆ ತೋಟವೆಲ್ಲ ಬೆಳ್ಳಗಾಗುವ ಆ ಕೆಲವೇ ದಿನಗಳಲ್ಲಿ ಗಾಳಿಯೂ ಜೇನೂ ಕೂಡಿ ಆ ಕೆಲಸವನ್ನು ತೀರಿಸಬೇಕು. ಅದರಲ್ಲಿ ದೊಡ್ಡ ಆಳು ಹೆಜ್ಜೇನೇ. ನಾವು ಅದನ್ನು ಸುಡುವುದು ಸರಿಯಾಗಿ ಅದೇ ಋತುವಿನಲ್ಲಿ! ಇನ್ನು ಅಂಗಳದ ಚಪ್ಪರದ ಸೌತೆ, ಹೀರೆ, ಕುಂಬಳ, ಹಾಗಲಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೀಚು ಹಳದಿಯಾಗಿ ಉದುರಿತೆಂದು ದೃಷ್ಟಿದೋಷವನ್ನು ಶಂಕಿಸುವ ಗೃಹಿಣಿಯರು ಒಂದು ಬೆಳಿಗ್ಗೆ ಚಪ್ಪರದ ಕೆಳಗೆ ಕುಳಿತು, ಎಷ್ಟು ಹುಳುಗಳು ಬಂದುವೆಂದು ಎಣಿಸಿ ನೋಡಲಿ.

ಜೇನಿನ ಕೆಲಸಕ್ಕೆ ಕೂಲಿ ಎಷ್ಟಾಗುವುದೆಂಬುದು ಮಲೆನಾಡಿನವರಿಗೆ ತಿಳಿಯದ ವಿಷಯವೇನೂ ಅಲ್ಲ. 2000ದ ಅನಂತರದ ವರ್ಷಗಳಲ್ಲಿ ವೆನಿಲಾದ ಬೆಲೆ ಗಗನಕ್ಕೇರಿ, ನಮ್ಮ ಮನೆಮನೆಗಳಲ್ಲಿ ಆ ಬಳ್ಳಿ ಹಬ್ಬಿದ್ದುದು ನೆನಪಿರಬಹುದು. ಮೆಕ್ಸಿಕೋ ದೇಶದ ಆ ಬಳ್ಳಿಗೆ ಅಲ್ಲಿಯ ಹುಳುವು ಇಲ್ಲಿಲ್ಲ. ಆದಕಾರಣ 1841ರಲ್ಲಿ ರೀಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ದಾಸಬಾಲಕನು ಕಂಡುಹಿಡಿದಂತೆ, ಒಂದೊಂದು ಹೂವನ್ನೂ ಕಡ್ಡಿಯಿಂದ ಬಿಡಿಸಿ ಬೆರಳಿನಿಂದ ಒತ್ತಬೇಕಾಗಿತ್ತು. ಹೆಂಗಸರು ಮಕ್ಕಳು ಬೆಳಗಿನ ಕಾಫಿಗೂ ಮುಂಚೆ ತೋಟಕ್ಕೆ ಓಡುತ್ತಿದ್ದರು. ಒಂದು ದಿನ ತಪ್ಪಿದರೆ ಆ ದಿನದ ಹೂವೆಲ್ಲ ವ್ಯರ್ಥ. ಬೆಲೆಯು ಕುಸಿದು ಆ ವ್ಯಾಪಾರವು ಮುಗಿಯಿತು. ಆದರೆ ಅದು ಕಲಿಸಿದ ಪಾಠವನ್ನು ಮರೆಯಬಾರದು. ಒಂದು ಎಕರೆ ಏಲಕ್ಕಿಯ ಹೂವನ್ನು ಹಾಗೆ ಒತ್ತಲು ಯಾವ ಸಾಹುಕಾರನು ಆಳುಗಳನ್ನು ಒದಗಿಸಿಯಾನು?

ಮೂರನೆಯ ವಾದ: “ಕಾಡುಜೇನು ಹೋದರೆ ಹೋಗಲಿ, ಪೆಟ್ಟಿಗೆಯ ಜೇನಿದೆಯಲ್ಲ.” ಪೆಟ್ಟಿಗೆಯ ಜೇನಿನ ಮೇಲೆ ನನಗೆ ದ್ವೇಷವಿಲ್ಲ. ಕಳೆದ ಶತಮಾನದ ಎರಡನೆಯ ದಶಕದಲ್ಲಿ ತಿರುಚಿನಾಪಳ್ಳಿಯ ಪಾದ್ರಿ ನ್ಯೂಟನ್ನರು ನಮ್ಮ ತುಡುವೆಗೆ ತಕ್ಕ ಪೆಟ್ಟಿಗೆಯನ್ನು ರಚಿಸಿದರು. ಕೊಡಗಿನ ಭಾಗಮಂಡಲ, ದಕ್ಷಿಣ ಕನ್ನಡದ ಪುತ್ತೂರು ಮೊದಲಾದೆಡೆ ಅದು ಎಷ್ಟೋ ಸಂಸಾರಗಳಿಗೆ ಆಧಾರವಾಯಿತು. ನಮ್ಮ ಮನೆಯಲ್ಲಿಯೂ ಎಂಟು ಪೆಟ್ಟಿಗೆಗಳಿದ್ದುವು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವ್ಯಾಧಿಯು ದಕ್ಷಿಣದ ಸೀಮೆಗಳನ್ನೆಲ್ಲ ಹೊಕ್ಕು, ತುಡುವೆಯ ಮರಿಗಳು ನೀರು ತುಂಬಿದ ಚೀಲಗಳಂತಾಗಿ ಎರಿಯಲ್ಲೇ ಸತ್ತುವು. ಬಹುಪಾಲು ಪೆಟ್ಟಿಗೆಗಳು ಬರಿದಾದುವು. ನಮ್ಮ ಎಂಟರಲ್ಲಿ ಒಂದೂ ಉಳಿಯಲಿಲ್ಲ. ಅನಂತರ ನಮ್ಮ ಅಟ್ಟದ ಪೆಟ್ಟಿಗೆಗೆ ಮತ್ತೆ ಜೇನು ಬಂದುದು ಎಲ್ಲಿಂದ? ರೋಗವನ್ನು ತಡೆದುಕೊಂಡು ಪೊಟರೆಯಲ್ಲಿ ಉಳಿದಿದ್ದ ಕಾಡಿನ ತುಡುವೆಯಿಂದ. ಕಾಡುಜೇನು ಪೆಟ್ಟಿಗೆಯ ಜೇನಿಗೆ ಬೀಜದ ಕಣಜ. ಕಣಜಕ್ಕೆ ಬೆಂಕಿಯಿಟ್ಟು ಬಿತ್ತನೆಗೆ ಹೊರಡುವವರುಂಟೇ? ಹೆಜ್ಜೇನಂತೂ ಬಯಲಿನಲ್ಲಿ ಒಂದೇ ಎರಿಯನ್ನು ಇಳಿಬಿಡುವ ಜಾತಿ; ಅದನ್ನು ಯಾವ ಪೆಟ್ಟಿಗೆಯೂ ಹಿಡಿಯದು. ಯುರೋಪಿನಿಂದ ಬಂದ ಮೆಲ್ಲಿಫೆರಾ ಹೆಚ್ಚು ತುಪ್ಪ ಕೊಡುವುದು ನಿಜ. ಆದರೆ ಅದಕ್ಕೆ ಮೇವೂ ಹೆಚ್ಚು ಬೇಕು, ಮತ್ತು ವರೋವಾ ಎಂಬ ನುಸಿಯ ಹಾವಳಿಯನ್ನು ತುಡುವೆ ತಡೆದುಕೊಂಡಂತೆ ಅದು ತಡೆದುಕೊಳ್ಳಲಾರದು.

ನಾಲ್ಕನೆಯ ವಾದ: “ಬೆಂಕಿಯೊಂದನ್ನೇ ಏಕೆ ದೂರುವಿರಿ? ತೋಟಕ್ಕೆ ಔಷಧ ಹೊಡೆಯದೆ ವಿಧಿಯಿಲ್ಲ. ಅದರಿಂದಲೂ ಜೇನು ಸಾಯುವುದಷ್ಟೆ.” ಇದನ್ನು ಹೇಳಿದವರು ತಿಳಿಯದೆಯೇ ನನ್ನ ಪಕ್ಷಕ್ಕೆ ಸೇರಿದರು. ಮೊದಲು ಅದನ್ನು ಔಷಧವೆಂದು ಕರೆಯುವುದನ್ನು ಬಿಡೋಣ. ಕೀಟವನ್ನು ಕೊಲ್ಲುವುದು ವಿಷ. ಕೊಳೆರೋಗಕ್ಕೆ ಅಡಕೆಗೊನೆಗೆ ಹೊಡೆಯುವ ಮೈಲುತುತ್ತ ಸುಣ್ಣದ ದ್ರಾವಣದ ಮಾತು ಬೇರೆ. ಏಲಕ್ಕಿ ಹೂಬಿಟ್ಟಿರುವಾಗ ಬೆಳಿಗ್ಗೆಯೇ ಹೊಡೆಯುವ ಕೀಟನಾಶಕದ ಮಾತನ್ನು ಆಡುತ್ತಿದ್ದೇನೆ. ಹೂವನ್ನು ಕಂಡ ಜೇನು ಗೂಡಿಗೆ ಮರಳಿ, ಕುಣಿತದ ಮೂಲಕ ಸೂರ್ಯನಿಗೆ ಯಾವ ಕೋನದಲ್ಲಿ ಎಷ್ಟು ದೂರವೆಂದು ಒಡಹುಟ್ಟಿದವಕ್ಕೆ ತಿಳಿಸುತ್ತದೆ. ಇದನ್ನು ಬಿಡಿಸಿ ಹೇಳಿದ ಕಾರ್ಲ್ ಫಾನ್ ಫ್ರಿಶ್ ಎಂಬ ವಿದ್ವಾಂಸರಿಗೆ 1973ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದಿತು. ಎಂದಮೇಲೆ ಹೂವಿಗೆ ವಿಷವಿಟ್ಟವನು ಒಂದು ಹುಳುವಿಗೆ ವಿಷವಿಟ್ಟಂತಲ್ಲ, ಔತಣಕ್ಕೆ ಕರೆದು ಕುಲಕ್ಕೇ ಇಟ್ಟಂತೆ. ಯುರೋಪಿನ ಒಕ್ಕೂಟವು ಜೇನಿಗೆ ಮಾರಕವೆಂದು ಇಮಿಡಾಕ್ಲೋಪ್ರಿಡ್ ಸಹಿತವಾಗಿ ಮೂರು ಕೀಟನಾಶಕಗಳನ್ನು 2018ರಲ್ಲಿ ಬಯಲು ಬೆಳೆಗಳಿಗೆ ನಿಷೇಧಿಸಿತು. ಅಷ್ಟು ದೂರವೇಕೆ? ಕಾಸರಗೋಡಿನ ಕನ್ನಡ ಹಳ್ಳಿಯಾದ ಪಡ್ರೆಯ ಸುತ್ತಲಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಸುರಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶದಲ್ಲೆಲ್ಲ ತಡೆಯುವ ಹೊತ್ತಿಗೆ ಅಲ್ಲಿಯ ಜನರು ಪಟ್ಟ ಪಾಡನ್ನು ಅರಿಯದವರಾರು? ಹುಳುವಿಗಾಗಿ ಚೆಲ್ಲಿದ್ದು ಹುಳುವಿನಲ್ಲಿಯೇ ನಿಲ್ಲುವುದಿಲ್ಲ.

ಇಲ್ಲಿ ನನ್ನ ಪಕ್ಷದವರಿಗೂ ಒಂದು ಮಾತು. ಪ್ರತಿವರ್ಷವೂ ಮೇ 20ರಂದು, ವಿಶ್ವಸಂಸ್ಥೆಯು ಗೊತ್ತುಮಾಡಿದ ಜೇನಿನ ದಿನದಲ್ಲಿ, “ಜೇನು ಅಳಿದರೆ ನಾಲ್ಕೇ ವರ್ಷಗಳಲ್ಲಿ ಮನುಷ್ಯನೂ ಅಳಿವನೆಂದು ಐನ್‌ಸ್ಟೈನ್ ಹೇಳಿದ್ದಾನೆ” ಎಂಬ ಮಾತು ನಮ್ಮ ವೇದಿಕೆಗಳಲ್ಲಿ ಕೇಳಿಬರುತ್ತದೆ. ಆ ಮಹನೀಯನು ಹಾಗೆ ಹೇಳಿದುದಕ್ಕೆ ಆಧಾರವೇ ಇಲ್ಲ. ಭತ್ತ, ಗೋಧಿ, ರಾಗಿಗಳು ಜೇನಿಲ್ಲದೆಯೂ ಬೆಳೆಯುತ್ತವೆ, ಮನುಷ್ಯನು ಬದುಕಿಯಾನು. ಹಣ್ಣಿಲ್ಲದ, ಪಲ್ಯವಿಲ್ಲದ, ಏಲಕ್ಕಿಯಿಲ್ಲದ ಬಡ ಊಟವನ್ನುಂಡು ಬದುಕಿಯಾನು. ಕಾಡಿನಲ್ಲಿ ಹಕ್ಕಿ ಮಂಗಗಳಿಗೆ ಎಷ್ಟೋ ಬಗೆಯ ಹಣ್ಣೂ ಇರಲಾರದು. ಇಷ್ಟು ನಷ್ಟವು ಸಾಲದೇ? ಸತ್ಯಕ್ಕೆ ಸುಳ್ಳಿನ ಊರುಗೋಲು ಬೇಡ.

ಹಾಗಾದರೆ ಮಾಡತಕ್ಕದ್ದೇನು? ಸರ್ಕಾರವನ್ನು ಕಾಯಬೇಕಾಗಿಲ್ಲ, ನಮ್ಮ ನಮ್ಮ ಮನೆಯ ಎಲ್ಲೆಯೊಳಗೇ ಆಗುವ ಕೆಲಸಗಳನ್ನು ಹೇಳುತ್ತೇನೆ. ಗೂಡಿಗೆ ಬೆಂಕಿಯಿಡುವುದನ್ನು ಪೂರ್ತಿಯಾಗಿ ಬಿಡಬೇಕು. ಹೂವಿನ ಕಾಲದಲ್ಲಿ ಕೀಟನಾಶಕವನ್ನು ಮುಟ್ಟಕೂಡದು. ಅನಿವಾರ್ಯವಾದರೆ ಹುಳುಗಳು ಗೂಡಿಗೆ ಮರಳಿದ ಸಂಜೆಯ ಹೊತ್ತಿನಲ್ಲಿ, ನೆರೆಯ ಜೇನುಸಾಕಣೆಯವರಿಗೆ ಮುಂದಾಗಿ ತಿಳಿಸಿ ಹೊಡೆಯಬೇಕು. ಪೊಟರೆಬಿದ್ದ ಹಳೆಯ ಮರವು ಮೋಪಿಗೆ ಬಾರದೆಂದು ಸೌದೆಗೆ ಕಡಿಯಬಾರದು. ಅದು ತುಡುವೆಯ ಮನೆ. ಸೊಪ್ಪಿನಬೆಟ್ಟದಲ್ಲಿ ನೇರಳೆ, ಮತ್ತಿ, ಅಂಟುವಾಳ, ಸೀಗೆಗಳನ್ನು ಹೂಬಿಡುವವರೆಗೂ ಬೋಳಿಸದೆ ಉಳಿಸಬೇಕು. ಬೆಟ್ಟವೆಲ್ಲ ಅಕೇಸಿಯವಾದರೆ ಜೇನಿಗೆ ಅದು ಉಪವಾಸದ ನಾಡು. ಪೆಟ್ಟಿಗೆಯುಳ್ಳವರು ಮಳೆಗಾಲಕ್ಕೆ ಬೇಕಾದ ತುಪ್ಪವನ್ನು ಹುಳುಗಳಿಗೇ ಬಿಡಬೇಕು. ಸಾಲದೆ ಹೋದರೆ ಸಕ್ಕರೆಪಾಕವನ್ನಿಡಬೇಕು. ಹೆಜ್ಜೇನು ಕೀಳುವವರು ಕೊಂಬೆಗೆ ಅಂಟಿದ ತುಪ್ಪದ ಭಾಗವನ್ನಷ್ಟೇ ಕೊಯ್ದು, ಮರಿಗಳಿರುವ ಎರಿಯನ್ನು ಉಳಿಸಬೇಕು. ದುಂಬಿಯು ಹೂವನ್ನು ನೋಯಿಸದೆ ಮಧುವನ್ನು ಕೊಳ್ಳುವಂತೆ ಅರಸನು ಪ್ರಜೆಗಳಿಂದ ಕಂದಾಯವನ್ನು ಕೊಳ್ಳಬೇಕೆಂದು ವಿದುರನು ಧೃತರಾಷ್ಟ್ರನಿಗೆ ಬೋಧಿಸಿದನು. ಆ ದುಂಬಿಯಿಂದಲೇ ಕಂದಾಯವನ್ನು ಕೊಳ್ಳುವ ನಾವು, ಅದರ ನೀತಿಯನ್ನು ಅದಕ್ಕಾದರೂ ಸಲ್ಲಿಸಬೇಡವೇ?

ಸುಂದರಕಾಂಡದಲ್ಲಿ ವಾನರರು ಸುಗ್ರೀವನ ಮಧುವನವನ್ನು ಹಾಳುಮಾಡಿದರು. ಕಾವಲಿನ ದಧಿಮುಖನು ಅಳುತ್ತ ಬಂದು ದೂರಿದಾಗ ಸುಗ್ರೀವನು ಕೋಪಿಸಿಕೊಳ್ಳಲಿಲ್ಲ. ಅವರು ಸೀತೆಯನ್ನು ಕಂಡು ಬಂದಿರಬೇಕೆಂದು ಊಹಿಸಿ ಸಂತೋಷಪಟ್ಟನು. ನಾವೂ ಮಧುವನವನ್ನು ಹಾಳುಮಾಡುತ್ತಿದ್ದೇವೆ. ನಾವು ಯಾವ ಸೀತೆಯನ್ನು ಕಂಡು ಬಂದೆವು?

ಸುಟ್ಟ ಆ ಮರವು ಇನ್ನೂ ನಿಂತಿದೆ. ಹೆಜ್ಜೇನು ವರ್ಷವರ್ಷವೂ ಹಳೆಯ ಮರವನ್ನೇ ಅರಸಿಕೊಂಡು ಬರುವುದುಂಟು; ಮಳೆ ನಿಂತ ಮೇಲೆ ಒಂದೆರಡು ಹಿಂಡುಗಳಾದರೂ ಬರಬಹುದೆಂದು ನನಗೆ ಆಸೆಯಿದೆ. ಬಂದರೆ ಮತ್ತೊಂದು ಸಭೆ ಸೇರುವುದು ಖಂಡಿತ. ಈ ಲೇಖನವನ್ನು ಓದಿದವರಲ್ಲಿ ನಾಲ್ಕು ಮಂದಿಯಾದರೂ ಅಂದು ಅಲ್ಲಿಗೆ ಬಂದು ನನ್ನ ಪಕ್ಕದಲ್ಲಿ ಕುಳಿತುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.